ಪೋಲಂಡಿನವನಿಗೆ ಅತ್ತಿ ಕುಡಿಸಿದ ಮಜ್ಜಿಗಿ

ನಾನು ಎಷ್ಟೇ ಸುಮ್ಮನೆ ಕುಂತರೂ ಫಜೀತಿ ತಾನೇ ಪತ್ತೆ ಕೇಳಿಕೊಂಡು ಬರುತ್ತದೆ. ತೊಂಬತ್ತರ ದಶಕದಲ್ಲೊಮ್ಮೆ ವಿಮಾನ ಹತ್ತಿ ಬಂತು!

೧. ಕೊಕ್ಕರಿ

ಬೇಲೂರು ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಗೆ ಮಷಿನ್ ಕೂರಿಸಲು ಪೋಲಂಡಿನ ಫಿಟ್ಟರ್ ಒಬ್ಬ ಬಂದಿದ್ದ. ಅವನಿಗೆ ದುಭಾಷಿ ನಾನು. ನನಗೆ ಅರ್ಧ ಇಂಗ್ಲಿಷು, ಅವನಿಗೆ ಪಾವು. ತಾನೂ ಹಳ್ಳಿಯವನೇ ಅಂತ ಹೇಳಿ, ಕೊನೇ ದಿನ "ಹಳ್ಳಿ ತೋರಿಸು" ಎಂದ.

ಮ್ಯಾನೇಜರು ಎಚ್ಚರಿಸಿದರು: "ನಾಲ್ಕಕ್ಕ ದೊಡ್ಡ ಸಾಹೇಬ್ರ ಮುಂದ ಮಷಿನ್ ಚಾಲೂ ಆಗಬೇಕು. ಇವರಿಗೇನರ ಆತೋ, ನಿನ್ನ ನೌಕರಿ ಹೋತು!"

ಹೆಬ್ಬಳ್ಳಿಯ ಸೋದರಮಾವನ ಮನೆಗೆ ಕರೆದೊಯ್ದೆ. "ಇವರ ಊರು ಹೆಂಗೈತೋ?" ಎಂದ ಮಾವ. ಪೋಲಂಡಿನವ ಚಿತ್ರವನ್ನೇ ಬರೆದ: ಹತ್ತಾರು ಹಳ್ಳಿಗೆ ಒಂದೇ ಪಂಚಾಯ್ತಿ, ಕೆರೆ, ಕಾಡು, ಆಲೂಗಡ್ಡೆ ಹೊಲ, ಕರೆಂಟ್ ಕಂಬದ ಮೇಲೆ ಕೊಕ್ಕರೆ ಗೂಡು.

"ಕೊಕ್ಕರಿಗೆ ಕರೆಂಟ್ ಹೊಡಿಯೂದಿಲ್ಲೇನು?"

ಅವನನ್ನು ಕೇಳದೆಯೇ ಉತ್ತರಿಸಿದೆ: "ಅಲ್ಲೂ ಕರೆಂಟ್ ಇರೂದಿಲ್ಲಂತ."

"ಹಂಗಾರ ನಮ್ಮವರ ಬಿಡು!" ಎಂದು ಮಾವ ಅವನನ್ನು ತಬ್ಬಿಕೊಂಡ.

೨. ತಾಕ್

ಮಾವನ ಹೆಂಡತಿ, ನಮ್ಮ ಅತ್ತಿಯ ತವರು ಬೆಳಗಾವಿ, ಮನೆಮಾತು ಮರಾಠಿ. ಮರಾಠಿಯಲ್ಲಿ 'ತಾಕ್' ಅಂದರೆ ಮಜ್ಜಿಗೆ. ಪೋಲಂಡಿನ ಮಾತಿನಲ್ಲಿ 'ತಾಕ್' ಅಂದರೆ ಹೌದು. ಎರಡೂ ಗೊತ್ತಿದ್ದವನು ನಾನೊಬ್ಬನೇ. ಬಾಯಿ ಹೊಲಿದುಕೊಂಡು ಕುಂತೆ.

"ಎಣಗಾಯಿ ರುಚಿ ಆಗೇತೇನ್ರಿ?"

"ತಾಕ್! ತಾಕ್!" ತಂಬಿಗೆ ಮಜ್ಜಿಗೆ ಬಂತು.

"ಇನ್ನಷ್ಟು ಹಾಕ್ಲೇನ್ರಿ?"

"ತಾಕ್!"

"ಸಾಕೇನ್ರಿ?"

"ತಾಕ್!"

"ಏನ್ ಮಜ್ಜಿಗಿ ಹುಚ್ಚವ್ವಾ ಇವರಿಗೆ!" ಅತ್ತಿ ಮತ್ತೆ ಕಡಗೋಲು ಹಿಡಿದಳು. ಮೊದಲೇ ಬಿಳಿ ಮನುಷ್ಯ, ಐದನೇ ತಂಬಿಗೆಗೆ ಬಿಳುಪಿನಲ್ಲಿ ಮಜ್ಜಿಗೆಯನ್ನೂ ಮೀರಿಸಿದ. ನನಗೆ ನೌಕರಿ ನೆನಪಾಯಿತು. "'ಸಾಕು' ಅನ್ರಿ" ಎಂದು ಕಿವಿಯಲ್ಲಿ ಉಸುರಿದೆ.

"ಸಾಕು!"

ಅತ್ತಿ ನಿಂತಳು. ಅವನು ನನ್ನನ್ನು ಮಂತ್ರ ಕೊಟ್ಟ ಗುರುವಿನಂತೆ ನೋಡಿದ.

೩. ಸಾಕು

ನಾಲ್ಕಕ್ಕೆ ಸರಿಯಾಗಿ ಮಷಿನ್ ಗುರ್ರೆಂದಿತು. ಬದುಕಿದೆ ಅಂದುಕೊಂಡೆ. ಆದರೆ ದೊಡ್ಡ ಸಾಹೇಬರು ಭಾಷಣ ಸುರು ಮಾಡಿದರು. ಆಗಾಗ ಬೆಳಗಾವಿಯಿಂದ ಬರುವವರು, ಪೋಲಂಡಿನವನನ್ನು ಅವತ್ತೇ ನೋಡಿದ್ದು; ಅವರದೂ ಮನೆಮಾತು ಮರಾಠಿ. ಭಾಷಣ ಮುಗಿಯಲೊಲ್ಲದು. ಹೊಟ್ಟೆಯಲ್ಲಿ ಐದು ತಂಬಿಗೆ ಹೊತ್ತವನು ಎಷ್ಟು ಹೊತ್ತು ತಡಕೊಂಡಾನು? ಕೈಮುಗಿದು ಕೂಗಿದ: "ಸಾಕು! ಸಾಕು!"

ನಾವು ವರ್ಷಗಟ್ಟಲೆ ನುಂಗಿಕೊಂಡಿದ್ದ ಮಾತು! ಇಡೀ ಶೆಡ್ಡು ನಕ್ಕಿತು.

ಸಾಹೇಬರು ಕೆಂಪಾದರು. ನನ್ನ ಕಡೆ ಬೆರಳು ಮಾಡಿ ಇಂಗ್ಲಿಷಿನಲ್ಲಿ ಅವನನ್ನೇ ಕೇಳಿದರು: "ಇದನ್ನ ಕಲಿಸಿದವ ಇವನೇ ಏನು?"

ಅವನು ನನ್ನ ಹೆಗಲ ಮೇಲೆ ಕೈಯಿಟ್ಟು ಹೆಮ್ಮೆಯಿಂದ ಎಂದ: "ತಾಕ್! ತಾಕ್!"

ಸಾಹೇಬರ ಮುಖ ಕರಗಿತು.

"ಅಯ್ಯ ಪಾಪ, ಬಾಯಾರಿ ಸಾಕಾಗೇತಂತ! ಯಾರಲ್ಲಿ? ಲಗೂ ಒಂದು ತಂಬಿಗಿ ಮಜ್ಜಿಗಿ ತರ್ರಿ!"