ಕಂಪ್ಯೂಟರ್‌ಗೆ ಪ್ರಾಯ ಬಂತು

"ಹೊಸ ಕಂಪ್ಯೂಟರ್ ಈ ಮನೆ ಹೊಸ್ತಿಲು ದಾಟೋದಿಲ್ಲ! ಇರೋದಕ್ಕೇ ಪ್ರಾಯ ಬರಿಸ್ತೀನಿ, ನೋಡ್ತಿರು!"

ಗಿರಿನಗರದ ತಮ್ಮ ಮನೆಯ ಹಾಲ್‌ನಲ್ಲಿ ನಿಂತು ಗುರುಬಸಪ್ಪನವರು ಹೀಗೆ ಘೋಷಿಸಿದಾಗ ಕೇಳಿಸಿಕೊಳ್ಳಲು ಇದ್ದವರು ಹೆಂಡತಿ ಗಿರಿಜಾದೇವಿ ಒಬ್ಬರೇ. ಆಕೆ ಅವರೆಕಾಯಿ ಸುಲಿಯುತ್ತಿದ್ದರು.

"ಅದರ ತಂಟೆಗೆ ಯಾಕ್ರೀ ಹೋಗ್ತೀರಿ? ಅದರ ಪಾಡಿಗೆ ಅದು ನಡೀತಿದೆಯಲ್ಲ."

"ನಡೀತಿಲ್ಲ ಕಣೇ, ತೆವಳ್ತಿದೆ!"

ಮಾತು ಸುಳ್ಳಲ್ಲ. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ಗುರುಬಸಪ್ಪನವರು ಬಡಾವಣೆಯ ಬೀದಿದೀಪ, ಬೀದಿನಾಯಿ, ರಸ್ತೆಗುಂಡಿಗಳ ಬಗ್ಗೆ ಅಧಿಕಾರಿಗಳಿಗೆ ದಿನಾ ಈಮೇಲ್ ಬರೆಯುವ ವ್ರತ ಹಿಡಿದಿದ್ದರು. ಕಂಪ್ಯೂಟರಿನ ಗುಂಡಿ ಒತ್ತಿ ಸ್ನಾನಕ್ಕೆ ಹೋಗಿ, ಲಿಂಗಪೂಜೆ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಈ ಗುಂಡಿಯಿಂದ ಆ ಗುಂಡಿಯ ದೂರು ಹೊರಡುವಷ್ಟರಲ್ಲಿ ರಸ್ತೆಯಲ್ಲಿ ಇನ್ನೊಂದು ಗುಂಡಿ ಬಿದ್ದಿರುತ್ತಿತ್ತು!

ಘೋಷಣೆಯೇನೋ ಆಯಿತು, ಒಳಗೊಳಗೆ ಅನುಮಾನ ಉಳಿದಿತ್ತು: ಬಿಸಾಕಿ ಹೊಸದು ತರುವುದೋ, ಹಳೆಯದನ್ನೇ ರಿಪೇರಿ ಮಾಡಿಸುವುದೋ? ಪಾರ್ಕಿನ ಗೆಳೆಯರನ್ನು ಕೇಳಿದರೆ ಅರ್ಧ ಜನ "ಗುಜರಿಗೆ ಹಾಕಿ" ಎಂದರು, ಉಳಿದರ್ಧ "ಹಳೇ ಮಾಲು ಗಟ್ಟಿ, ಬಿಡಬೇಡಿ" ಎಂದರು. ಕೊನೆಗೆ ತೀರ್ಪು ಬಂದದ್ದು ಜೆ.ಪಿ. ನಗರದಿಂದ. ಗಿರಿಜಾದೇವಿಯ ತಮ್ಮ ಶಶಿಕಾಂತ್ ಫೋನಿನಲ್ಲಿ ಹೇಳಿದ: "ಭಾವ, ಹೊಸದೇನೂ ಬೇಡ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್ಸೆಸ್ಡಿ ಅಂತ ಹೊಸ ನಮೂನೆ ಡಿಸ್ಕ್ ಹಾಕಿ, ರ‍್ಯಾಮ್ ಸ್ವಲ್ಪ ಜಾಸ್ತಿ ಮಾಡಿದ್ರೆ ಸಖತ್ತಾಗಿ ಓಡುತ್ತೆ. ಭಾನುವಾರ ನಾನೇ ಬಂದು ಹಾಕ್ಕೊಡ್ತೀನಿ. ಅಲ್ಲೀವರೆಗೂ ನೀವು ಮಾತ್ರ ಮುಟ್ಬೇಡಿ."

ಮುಟ್ಟಬೇಡಿ! ನೌಕರಿಯುದ್ದಕ್ಕೂ ಊರವರ ಜೀವಕ್ಕೇ ವಿಮೆ ಮಾಡಿಸಿದ ಮನುಷ್ಯನಿಗೆ, ಒಂದು ತಗಡಿನ ಡಬ್ಬ ಮುಟ್ಟಬೇಡಿ ಎಂದರೆ ಏನರ್ಥ?

ಶನಿವಾರ ಬೆಳಗ್ಗೆ ಪೂಜೆ ಮುಗಿಸಿದವರೇ, ಬೆರಳಿನ ವಿಭೂತಿ ಆರುವ ಮೊದಲೇ ಸ್ಕ್ರೂಡ್ರೈವರ್ ಹಿಡಿದು ಕೂತರು. ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ದಿಂಬು ತುಂಬಿಸುವಷ್ಟು ಧೂಳು! ಫ್ಯಾನಿನ ಸಂದಿಯಲ್ಲಿ ಹಲ್ಲಿಯೊಂದು ಸಂಸಾರ ಹೂಡಿ ಖಾಲಿ ಮಾಡಿ ಹೋದ ಗುರುತು. ತಿರುಪಿ, ಎಳೆದು, ಬೆವರಿ, ಅಂತೂ ಅಂಗೈಯಗಲದ ಹಾರ್ಡ್ ಡಿಸ್ಕನ್ನು ಹೊರತೆಗೆದರು.

"ಗಿರಿಜಾ, ಅರ್ಧ ಆಪರೇಷನ್ ಸಕ್ಸಸ್!"

"ಪೇಷಂಟು ಉಸಿರಾಡ್ತಿದೆಯಾ?" ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು.

ಡಿಸ್ಕಿಗೆ ತೇವ ಗೀವ ಇದ್ದರೆ ಹೋಗಲಿ ಎಂದು ಗುರುಬಸಪ್ಪನವರು ಅದನ್ನು ಬಾಲ್ಕನಿಯ ಬಿಸಿಲಿನಲ್ಲಿ, ಹಳೇ ಪೇಪರ್ ಕಟ್ಟಿನ ಮೇಲೆ ಇಟ್ಟರು. ಕಾಗೆ ಹೊತ್ತುಕೊಂಡು ಹೋದೀತೆಂದು ಮೇಲೊಂದು ಪೇಪರ್ ಮುಚ್ಚಿ, ಧೂಳು ಹೊಡೆಯಲು ಬ್ರಷ್ ತರೋಣವೆಂದು ಅಂಗಡಿಗೆ ಹೋದರು.

ಬ್ರಷ್ ಹಿಡಿದು ಬಂದು ನೋಡಿದರೆ ಬಾಲ್ಕನಿ ತೊಳೆದು ಥಳಥಳ ಹೊಳೆಯುತ್ತಿದೆ. ಮನೆಗೆಲಸದ ಅಣ್ಣಮ್ಮ ಪೊರಕೆ ಒರಗಿಸಿ ಹೆಮ್ಮೆಯಿಂದ ನಿಂತಿದ್ದಳು.

"ಪೇಪರ್ ಎಲ್ಲಿ ಅಣ್ಣಮ್ಮ?"

"ಗುಜರಿ ದ್ಯಾಮಣ್ಣ ಬಂದಿದ್ದ ಸಾರ್, ಹಾಕ್ಬಿಟ್ಟೆ. ಕೊಟ್ಬಿಡು, ಕೊಟ್ಬಿಡು ಅಂತ ನೀವೇ ದಿನಾ ಬಡ್ಕೊಳ್ತಿದ್ರಲ್ಲ!"

ಗುರುಬಸಪ್ಪನವರ ಕೈಯಿಂದ ಬ್ರಷ್ ಜಾರಿತು. ಸದ್ದಿಗೆ ಗಿರಿಜಾದೇವಿ ಹೊರಗೆ ಬಂದರು. ಸಂಗತಿ ತಿಳಿದು ಮೆಲ್ಲಗೆ ಕೇಳಿದರು: "ಅವ್ವನ ಹಾಡು ಅದರಲ್ಲೇ ಅಲ್ವಾ ಇದ್ದಿದ್ದು?"

ಗಿರಿಜಾದೇವಿಯ ತೀರಿಕೊಂಡ ತಾಯಿ ಹಾಡುತ್ತಿದ್ದ ವಚನಗಳು! ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ್ದರು. ಕ್ಯಾಸೆಟ್ ಬೂಸಲು ಹಿಡಿದು ಹೋಗಿ ಯಾವ ಕಾಲವಾಯಿತೋ. ಬೇರೆ ಕಡೆ ಇನ್ನೊಂದು ಪ್ರತಿ ಇರಲಿಲ್ಲ. ಹೆಂಡತಿ ಜೋರು ಮಾಡಿದ್ದರೆ ಗುರುಬಸಪ್ಪನವರಿಗೆ ಎಷ್ಟೋ ವಾಸಿಯಿತ್ತು. ಆಕೆ ಜೋರು ಮಾಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತರು, ಅಷ್ಟೆ.

"ತಂದೇ ತರ್ತೀನಿ" ಎಂದು ಗುರುಬಸಪ್ಪನವರು ಮನೆಯ ಪಂಚೆಯಲ್ಲೇ ಸ್ಕೂಟರ್ ಏರಿದರು. ಹೊಸಕೆರೆಹಳ್ಳಿ ದಾರಿಯ ಯಾವ ಗುಂಡಿಗೂ ಅಂದು ಬ್ರೇಕ್ ಹಾಕಲಿಲ್ಲ.

ಗುಜರಿ ಅಂಗಡಿಯಲ್ಲಿ ದ್ಯಾಮಣ್ಣ ಆರಾಮಾಗಿ ಟೀ ಕುಡಿಯುತ್ತಿದ್ದ. "ಪೇಪರ್ ಒಳಗಿಂದ ಅದೇನೋ ಸಿಕ್ತು ಸಾರ್, ಅದರ ಜಾತಿಯವರ ಜೊತೆ ಹಾಕಿದೀನಿ" ಎಂದು ಒಂದು ಪ್ಲಾಸ್ಟಿಕ್ ಟಬ್ ತೋರಿಸಿದ. ಅದರ ತುಂಬಾ ಹಾರ್ಡ್ ಡಿಸ್ಕುಗಳು!

"ನಿಮ್ದು ಹೆಂಗಿತ್ತು ಸಾರ್?"

"ಬೆಳ್ಳಿ ಬಣ್ಣ. ಚಪ್ಪಟೆಗಿತ್ತು."

"ಎಲ್ಲಾ ಹಂಗೇ ಅವೆ."

ಗುರುಬಸಪ್ಪನವರು ಪಂಚೆ ಎತ್ತಿ ಕಟ್ಟಿ ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದೊಂದನ್ನೇ ತೆಗೆದು, ತಿರುಗಿಸಿ, ಪಕ್ಕಕ್ಕಿಟ್ಟರು. ಜೀವಮಾನದಲ್ಲಿ ಎಷ್ಟೋ ಕ್ಲೇಮುಗಳನ್ನು ಗುರುತಿನ ಪುರಾವೆ ಇಲ್ಲವೆಂದು ವಾಪಸು ಕಳಿಸಿದವರು, ಈಗ ತಮ್ಮದೇ ಮಾಲಿಗೆ ಪುರಾವೆ ಇಲ್ಲದೆ ಬೆವರುತ್ತಿದ್ದರು. ಟಬ್ಬಿನ ತಳ ಕಾಣುವ ಹೊತ್ತಿಗೆ ಒಂದು ಡಿಸ್ಕ್ ಕೈಗೆ ಬಂತು. ಅದರ ಬೆನ್ನ ಮೇಲೆ ಅಡ್ಡಲಾಗಿ ಮೂರು ಬೆರಳಿನ ಬಿಳಿ ಗೆರೆ. ಬೆಳಗಿನ ವಿಭೂತಿ!

"ಇದೇ! ಇದೇ ನಮ್ಮದು!" ಎಂದು ಕಣ್ಣಿಗೊತ್ತಿಕೊಂಡರು.

ದ್ಯಾಮಣ್ಣ ಬಗ್ಗಿ ನೋಡಿ, "ಏನ್ ಸಾರ್, ಇದಕ್ಕೂ ದೀಕ್ಷೆ ಕೊಡ್ಸಿದೀರಾ?" ಎಂದ.

ಭಾನುವಾರ ಶಶಿಕಾಂತ್ ಬಂದ. ಭಾವನನ್ನು ದೂರದ ಕುರ್ಚಿಯಲ್ಲಿ ಕೂರಿಸಿ, ಹೊಸ ಭಾಗಗಳನ್ನು ಹಾಕಿದ. ಅವ್ವನ ಹಾಡುಗಳನ್ನು ಹೊಸ ಡಿಸ್ಕಿಗೂ ಪೆನ್‌ಡ್ರೈವಿಗೂ ಅಕ್ಕನ ಮೊಬೈಲಿಗೂ ತುಂಬಿದ. ಮೊದಲ ಹಾಡು ಶುರುವಾದಾಗ ಅಣ್ಣಮ್ಮನೂ ಪೊರಕೆ ಬದಿಗಿಟ್ಟು ನಿಂತಳು. ಗಿರಿಜಾದೇವಿ ಕಣ್ಣೊರೆಸಿಕೊಂಡು ಗಂಡನ ಕಡೆ ನೋಡಿ ನಕ್ಕರು. ಗುರುಬಸಪ್ಪನವರಿಗೆ ಹೋದ ಉಸಿರು ಬಂತು.

ಕಂಪ್ಯೂಟರ್ ಈಗ ಕುದುರೆ! ಬೆರಳೆತ್ತುವ ಮೊದಲೇ ಪರದೆ ಎದ್ದು ಕೂರುತ್ತಿತ್ತು. ಸೋಮವಾರ ದೀಪ, ನಾಯಿ, ಗುಂಡಿ ಎಲ್ಲದರ ದೂರು ಮುಗಿಸಿ ಗಡಿಯಾರ ನೋಡಿದರೆ ತಿಂಡಿಯೇ ಆಗಿಲ್ಲ! ಮಾಡುವುದೇನು? ಅಡುಗೆಮನೆಗೆ ನಡೆದರು. ಸಾಸಿವೆ ಸಿಡಿಯುವ ಹದದ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟರು. ಮಂಗಳವಾರ ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ, ಉಪ್ಪಿಗೆ ಕೈ ಹಾಕಿದರೆ ಉದ್ದಿನಬೇಳೆ ಸಿಗುವಂತೆ ಮಾಡಿದರು. ಬುಧವಾರ ಅಣ್ಣಮ್ಮನಿಗೆ ನೆಲ ಒರೆಸುವ ಸರಿಯಾದ ಕ್ರಮ ಕಲಿಸಿದರು. ಅವಳು ಗುರುವಾರ ರಜೆ ಹಾಕಿದಳು.

ಶುಕ್ರವಾರ ಬೆಳಗ್ಗೆ ಗಿರಿಜಾದೇವಿ ಬಾಲ್ಕನಿಯಲ್ಲಿ ಫೋನ್ ಹಿಡಿದು ನಿಂತಿದ್ದರು. ಬಾಗಿಲ ಹಿಂದೆ ಗುರುಬಸಪ್ಪನವರ ಕಿವಿ ನೆಟ್ಟಗಾಯಿತು.

"ಶಶಿ, ಕಂಪ್ಯೂಟರ್ ಎಷ್ಟು ಚೆನ್ನಾಗಿ ಓಡ್ತಿದೆ ಗೊತ್ತೇನೋ!"

ಗುರುಬಸಪ್ಪನವರು ಎದೆಯುಬ್ಬಿಸಿದರು.

"ಅದಕ್ಕೇ ಫೋನ್ ಮಾಡ್ದೆ ಕಣೋ. ಅದನ್ನ ಮೊದಲಿನ ಹಾಗೇ ನಿಧಾನ ಮಾಡ್ಕೊಡು, ಪುಣ್ಯ ಬರುತ್ತೆ. ಮಧ್ಯಾಹ್ನದ ಅಡುಗೆ ಆಗೋವರೆಗಾದ್ರೂ ನಿಮ್ಮ ಭಾವನ್ನ ಅದು ಹಿಡ್ಕೊಂಡಿರ್ಲಿ!"