ಬಾಸಿಂಗದ ಅಪ್ಪ

ಎಲ್ಲಕ್ಕೂ ಕಾರಣ ಕಾಂತಾಳ ಜಾಣತನ. ಬೆಳಗಾವಿಯ ಗ್ಯಾರೇಜಿನಲ್ಲಿ ದುಡಿಯುವ ಗಂಡನ ಮುಖ ಕೂಸಿಗೆ ಪರಿಚಯವಾಗಲಿ ಎಂದು, ಖಾನಾಪುರದ ತವರಿನಲ್ಲಿ ತಮ್ಮ ಮದುವೆಯ ಫೋಟೋವನ್ನು ತೊಟ್ಟಿಲಿಗೇ ಕಟ್ಟಿದ್ದಳು. ಐದು ತಿಂಗಳ ಕೂಸು ದಿನವಿಡೀ ಅದನ್ನು ನೋಡಿ ನಗುತ್ತಿತ್ತು.

ಬಾಣಂತನ ಮುಗಿಯಿತೆಂದು ಕರೆದೊಯ್ಯಲು ಬಂದ ಗುರುಸಿದ್ದ ಆಸೆಯಿಂದ ಮಗನನ್ನು ಎತ್ತಿಕೊಂಡ. ಕೂಸು ಹೌಹಾರಿ ಚೀರಿತು.

"ಕೂಸು ಗುರುತ ಹಿಡೀಲಿಲ್ಲ ಅಂದ್ರ ನಾ ಕಳಸಂಗಿಲ್ಲ ನೋಡ್ರಿ," ಎಂದಳು ಅತ್ತೆ ಭರಮವ್ವ. "ಇನ್ನೊಂದ್ ಆರು ತಿಂಗಳು ತಾಯಿ-ಮಗ ಇಲ್ಲೇ ಇರ್ಲಿ."

ಖಾನಾವಳಿಯ ಸಾರು ನೆನಪಾಗಿ ಗುರುಸಿದ್ದನ ಮುಖ ಬಾಡಿತು. ಪಕ್ಕದ ಮನೆಯ ಜೋಹರಾ ಮಾತ್ರ ಫೋಟೋವನ್ನೂ ಅವನನ್ನೂ ಹೋಲಿಸಿ ನೋಡಿದಳು.

"ಫೋಟೋದಾಗ ಹಣೀಗೆ ಬಾಸಿಂಗ ಐತಿ. ಇಲ್ಲಿ ಬರೇ ಹಣಿ. ಕೂಸಿಗೆ ಹೆಂಗ ಗೊತ್ತಾಗಬೇಕ್ರಿ, ಪಾಪ!"

ಮದುವೆಯಾದ ಮೇಲೆ ಕಂಬಕ್ಕೆ ಕಟ್ಟಿದ್ದ ಬಾಸಿಂಗವನ್ನು ಬಿಚ್ಚಿ, ಧೂಳು ಕೊಡವಿ ಅವನ ಹಣೆಗೆ ಕಟ್ಟಿದರು. ಕೂಸು ಬೊಚ್ಚುಬಾಯಿ ತೆರೆದು ನಕ್ಕಿತು, ಎರಡೂ ಕೈ ಚಾಚಿತು. ಬಿಚ್ಚಿದರೆ ಮತ್ತೆ ಚೀರಾಟ.

"ಹಂಗಾರ ಕಟಗೊಂಡ ಹೋಗ್ರಿ," ಎಂದು ಭರಮವ್ವ ತೀರ್ಪು ಕೊಟ್ಟಳು.

ಗುರುಸಿದ್ದ ಬಾಸಿಂಗ ಕಟ್ಟಿಕೊಂಡೇ ರೈಲು ಹತ್ತಿದ. ಜನ ನಕ್ಕರು. ನಗಲಿ ಬಿಡಿ, ಮಗ ಎದೆಗೆ ಆತುಕೊಂಡಿದ್ದನಲ್ಲ, ಅವನಿಗೆ ಅಷ್ಟೇ ಸಾಕಾಗಿತ್ತು.

ದೇಸೂರು ಸ್ಟೇಷನ್ ಬರುವಷ್ಟರಲ್ಲಿ ಕೂಸು ಬಾಸಿಂಗದ ದಾರ ಜಗ್ಗಿತು. ಬಾಸಿಂಗ ಕಿಟಕಿಯಿಂದ ಹಾರಿ ಗದ್ದೆಗೆ ಬಿತ್ತು. ಬರಿ ಹಣೆ ಕಂಡದ್ದೇ ತಡ, ರೈಲಿನ ಡಬ್ಬಿಯೆಲ್ಲ ಕೇಳುವಂತೆ ಅಳು ಶುರುವಾಯಿತು.

ದೇಸೂರಿನಲ್ಲಿ ಹೊಸ ಮದುಮಕ್ಕಳ ದಿಬ್ಬಣ ಹತ್ತಿತು. ಮದುಮಗನ ಹಣೆಯಲ್ಲಿ ಫಳಫಳ ಹೊಳೆಯುವ ಬಾಸಿಂಗ! ಕೂಸು ಅಳು ನಿಲ್ಲಿಸಿ ಅವನತ್ತ ಜಿಗಿಯಿತು. ಅವನ ತೊಡೆಯ ಮೇಲೆ ಕುಳಿತು ಕೇಕೆ ಹಾಕಿ ನಕ್ಕಿತು. ಮದುಮಗಳು ಮುಖ ತಿರುಗಿಸಿದಳು. ಅವಳ ಸೋದರಮಾವ ಚನ್ನಬಸಯ್ಯನ ಹುಬ್ಬು ಗಂಟಾಯಿತು.

"ಏನ್ರಿ ಅಳಿಯಂದಿರ, ಕೂಸಿಗೆ ನಿಮ್ಮ ಗುರುತ ಬಾಳ ಐತಲ್ಲ?"

"ಅಯ್ಯ, ಕೂಸು ನಂದ್ರಿ!" ಎಂದು ಗುರುಸಿದ್ದ ಕಸಿದುಕೊಂಡ. ಕೂಸು ಕಿಟಾರನೆ ಕಿರುಚಿತು.

"ಹಡದಪ್ಪನ್ನ ನೋಡಿ ಹಿಂಗ ಒದರತೈತೇನು?"

"ಖರೇನ ನಮ್ಮದ್ರಿ," ಎಂದಳು ಕಾಂತಾ. "ಇವರಿಗೆ ಬಾಸಿಂಗ ಇಲ್ಲದ್ದಕ್ಕ ಅಳತೈತಿ."

ಈ ಮಾತನ್ನು ಯಾರು ನಂಬುತ್ತಾರೆ?

"ತಡೀರಿ, ಪುರಾವೆ ಐತಿ!" ಗುರುಸಿದ್ದ ಟ್ರಂಕು ತೆರೆದು ಮದುವೆಯ ಫೋಟೋ ತೆಗೆದು ಮುಂದೆ ಹಿಡಿದ.

ಚನ್ನಬಸಯ್ಯ ಚಷ್ಮಾ ಏರಿಸಿದ. ಫೋಟೋದಲ್ಲಿದ್ದ ಕಾಂತಾಳನ್ನು ನೋಡಿದ, ಎದುರಿಗಿದ್ದ ಕಾಂತಾಳನ್ನು ನೋಡಿದ. ಅವಳ ಬಾಜು ನಿಂತವನ ಬಾಸಿಂಗ ನೋಡಿದ, ಗುರುಸಿದ್ದನ ಬರಿ ಹಣೆ ನೋಡಿದ. ಕೊನೆಗೆ ನಿಧಾನವಾಗಿ ಮದುಮಗನ ಕಡೆ ತಿರುಗಿದ.

"ಫೋಟೋನೂ ತಗಸೀರೇನು, ಅಳಿಯಂದಿರ?"