ಶಂಭುಲಿಂಗನ ರಕ್ತಸಂಬಂಧಿಗಳು

ಕಂಪ್ಲಿಯ ಅಕ್ಕಿ ಗಿರಣಿಯ ಗುಮಾಸ್ತ ಶಂಭುಲಿಂಗನಿಗೆ ಬಿಳಿ ರಕ್ತಕಣ ಕಡಿಮೆ ಇವೆಯೆಂದು ಹೊಸಪೇಟೆಯ ಡಾಕ್ಟರು ಸುಕನ್ಯಾ ಹೇಳಿದ್ದರು.

"ನಿಮ್ಮ ಮೈ ತನ್ನ ಕಣಾನ ವೈರಿ ಅಂತ ತಿಳಿದು ಕೊಲ್ಲಾಕ ಹತ್ತಿರಬಹುದು. ಅದನ್ನ ನೋಡೋ ಟೆಸ್ಟಿಗೆ ರಕ್ತ ಬೆಂಗಳೂರಿಗೆ ಕಳಿಸೀವಿ. ರಿಪೋರ್ಟ್ ಬರೋತನಕ ಜನರಿಂದ ದೂರ ಇರ್ರಿ. ಬರೀ ನೆಗಡಿನೂ ನಿಮಗ ಭಾರ ಆದೀತು."

ಇದನ್ನು ಅವನು ಹೆಂಡತಿ ಪೂಜಿತಾಳಿಗೆ ಮಾತ್ರ ಹೇಳಿದ. ಅವಳು ಓರಗಿತ್ತಿಗೆ ಮಾತ್ರ ಹೇಳಿದಳು. ರಿಪೋರ್ಟ್ ಬರುವ ದಿನ ಬೆಳಗ್ಗೆ ಬಾಗಿಲ ಮುಂದೆ ಹದಿನೇಳು ಜೊತೆ ಚಪ್ಪಲಿ.

"ನೀ ಜನರೊಳಗ ಕುಂದರಬಾರದಂತ," ಎನ್ನುತ್ತ ಅಣ್ಣ ಕೊಟ್ರಬಸಪ್ಪ ಅವನ ಮೈಗೆ ಅಂಟಿ ಕೂತ. "ಅದನ್ನ ಹೇಳಾಕ ಎಲ್ಲಾರೂ ಕೂಡಿ ಬಂದೀವಿ."

ಅಕ್ಕ ಸುಮಂಗಲಾ ಕೈಯಾರೆ ಉಪ್ಪಿಟ್ಟು ತಿನ್ನಿಸಿದಳು. ಕಾಕಾ ಎರ್ರಿಯಪ್ಪ ಕಿವಿಯ ಹತ್ತಿರ ಬಾಯಿ ತಂದು ಧೈರ್ಯ ಹೇಳುತ್ತ, ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಆದಂತೆ ಸೀನಿದರು. ಶಂಭುಲಿಂಗ ಮಾಳಿಗೆ ಹತ್ತಿದ. ಒಬ್ಬನನ್ನೇ ಬಿಡಬಾರದೆಂದು ಹದಿನೇಳು ಮಂದಿಯೂ ಹತ್ತಿದರು.

ಹತ್ತು ಗಂಟೆಗೆ ಡಾಕ್ಟರ ಫೋನು ಬಂತು. ಅಣ್ಣ ಅದನ್ನು ಕಸಿದು ಸ್ಪೀಕರಿಗೆ ಹಾಕಿದ.

"ಕಣಾನ ಕೊಲ್ಲೋ ಅಂಥ ಆಂಟಿಬಾಡಿ ಏನೂ ಕಂಡಿಲ್ಲ."

ಸುಮಂಗಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮತ್ತ ಕಣ ಯಾಕ ಕಡಿಮಿ ಅದಾವ್ರಿ?" ಶಂಭುಲಿಂಗ ಕೇಳಿದ.

"ಕೆಲವು ಮನೆತನದಾಗ ಹುಟ್ಟಿನಿಂದನ ಹಂಗ ಇರ್ತಾವ, ತೊಂದರೆ ಇಲ್ಲ. ಖಾತ್ರಿ ಮಾಡ್ಕೋಬೇಕು. ಇವತ್ತು ನಾಲ್ಕರೊಳಗ ರಕ್ತಸಂಬಂಧಿಗಳನ್ನ ಇಬ್ಬರು ಮೂವರನ್ನ ಕರಕೊಂಡು ಬರ್ರಿ. ಸೂಜಿ ಹಾಕಿ ರಕ್ತ ತಗೋತೀವಿ. ಅಲ್ಲಿತನಕ ಜನರಿಂದ ದೂರನ ಇರ್ರಿ."

ಕೊಟ್ರಬಸಪ್ಪನಿಗೆ ಗದ್ದೆಗೆ ನೀರು ಬಿಟ್ಟು ಬಂದದ್ದು ನೆನಪಾಯಿತು. ಸುಮಂಗಲಾಳಿಗೆ ಕಮಲಾಪುರದ ಬಸ್ಸು. "ನಾ ನಿಮ್ಮಜ್ಜನ ದತ್ತು ಮಗ, ನನ್ನ ರಕ್ತ ಬ್ಯಾರೆ ಐತಿ," ಎಂದು ಎರ್ರಿಯಪ್ಪ ಎಪ್ಪತ್ತು ವರ್ಷ ಮುಚ್ಚಿಟ್ಟ ಗುಟ್ಟು ಬಿಚ್ಚಿ ಮೆಟ್ಟಿಲಿಳಿದರು.

ಐದು ನಿಮಿಷದಲ್ಲಿ ಮನೆ ಖಾಲಿ. ಜನರಿಂದ ದೂರವಿರಬೇಕಾದವನು ಮೂರು ಓಣಿ ಸುತ್ತಿ ಒಂದೊಂದೇ ಬಾಗಿಲು ಬಡಿದ. ಎಲ್ಲ ಕಡೆಯೂ ಒಳಗಿನಿಂದ ಚಿಲಕ.

ನಾಲ್ಕಕ್ಕೆ ಒಬ್ಬನೇ ಹೊಸಪೇಟೆಯ ಲ್ಯಾಬ್ ತಲುಪಿದಾಗ, ಕುರ್ಚಿಯ ಮೇಲೆ ಕೊಟ್ರಬಸಮ್ಮ ಆಗಲೇ ತೋಳು ಚಾಚಿ ಕೂತಿದ್ದರು. ಪೂಜಿತಾ ಫೋನು ಮಾಡಿದ್ದೇ ತಡ, ತೋರಣಗಲ್ಲಿನಿಂದ ಸಿಕ್ಕ ಬಸ್ಸು ಹಿಡಿದು ನಿಂತೇ ಬಂದಿದ್ದರು.

"ಎಷ್ಟು ಬೇಕೋ ತಗೊಳ್ರಿ ಡಾಕ್ಟ್ರೇ, ಎರಡೂ ಕೈ ಅದಾವ."

ಡಾಕ್ಟರ ಮುಖ ಅರಳಿತು. ಪೆನ್ನು ತೆಗೆದು ಕೇಳಿದರು: "ಇವರು ನಿಮಗ ಏನಾಗಬೇಕ್ರಿ?"

ಶಂಭುಲಿಂಗ ಆ ಸುಕ್ಕುಗಟ್ಟಿದ ತೋಳನ್ನು ನೋಡಿದ.

"ನನ್ನ ಹೆಂಡ್ತಿ ತಾಯಿ ರೀ," ಎಂದ.